ಬಿತ್ತುವ ಮೊದಲು ಮಣ್ಣು ಪರೀಕ್ಷೆ: ಅರ್ಧ ಕಿಲೋ ಮಣ್ಣು ತೆಗೆಯುವುದು ಹೇಗೆ, ಚೀಟಿ ಓದುವುದು ಹೇಗೆ?

ಒಂದು ಎಕರೆ ನೆಲದ ಮೇಲಿನ ಅರ್ಧ ಅಡಿ ಮಣ್ಣನ್ನೆಲ್ಲ ತೂಕಕ್ಕೆ ಹಾಕಿದರೆ ಸುಮಾರು 9 ಲಕ್ಷ ಕಿಲೋ ಬರುತ್ತದೆ. ಪರೀಕ್ಷೆಗೆ ಅಂತ ನಾವು ಚೀಲದಲ್ಲಿ ಕೊಟ್ಟು ಬರುವುದು ಅದರಲ್ಲಿ ಅರ್ಧ ಕಿಲೋ. ಲ್ಯಾಬಿನವರು ಆ ಅರ್ಧ ಕಿಲೋವನ್ನೂ ಪೂರ್ತಿ ಬಳಸುವುದಿಲ್ಲ. ಸಾವಯವ ಇಂಗಾಲ ಅಳೆಯಲು ಒಂದು ಗ್ರಾಂ ಸಾಕು. ರಂಜಕಕ್ಕೆ ಎರಡೂವರೆ ಗ್ರಾಂ, ಪೊಟ್ಯಾಷ್‌ಗೆ ಐದು ಗ್ರಾಂ. ಒಂದು ಚಿಟಿಕೆ ಮಣ್ಣಿನ ಮಾತು ಕೇಳಿ ನಾವು ಇಡೀ ಎಕರೆಗೆ ಗೊಬ್ಬರ ತರುತ್ತೇವೆ.

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಆಯಿತು, ಅಲ್ವಾ? ಪಾತ್ರೆಯ ಅನ್ನವೆಲ್ಲ ಒಂದೇ ಸಮ ಬೆಂದಿರುತ್ತದೆ. ಮಣ್ಣು ಹಾಗಲ್ಲ. ಅದು ಇನ್ನೂ ಕಲಸದ ಚಿತ್ರಾನ್ನದ ಹಾಗೆ. ಒಗ್ಗರಣೆ ಬಿದ್ದ ಕಡೆ ಕೈ ಹಾಕಿದರೆ ಬರೀ ಕಡಲೆಬೀಜ ಸಿಗುತ್ತದೆ, ಇನ್ನೊಂದು ಕಡೆ ಬಿಳಿ ಅನ್ನ. ಒಂದು ತುತ್ತು ತಿಂದು ಇಡೀ ಪಾತ್ರೆಯ ರುಚಿ ಹೇಳಬೇಕಾದರೆ ಮೊದಲು ಕಲಸಬೇಕು. ಮಣ್ಣು ಪರೀಕ್ಷೆ ಸರಿಯಾಗುವುದೂ ಕೆಡುವುದೂ ಈ ಕಲಸುವ ಕೆಲಸದಲ್ಲೇ. ಅಂದರೆ ಲ್ಯಾಬಿನ ಬಾಗಿಲು ತಲುಪುವ ಮೊದಲೇ, ನಮ್ಮ ಕೈಯಲ್ಲೇ.

ಇದನ್ನು ನಾನು ಕಲಿತದ್ದು ಒಂದು ಬೆಳೆ ಕಳೆದುಕೊಂಡು. ಹಿತ್ತಲಿನಲ್ಲಿ ಅಗೆಯಲು ಮೆತ್ತಗಿದ್ದ ಒಂದೇ ಜಾಗದಿಂದ ಮಣ್ಣು ತೆಗೆದು ಕೊಟ್ಟಿದ್ದೆ. ರಂಜಕ ಹೆಚ್ಚು, ಪೊಟ್ಯಾಷ್ ಹೆಚ್ಚು, ಸಾವಯವ ಇಂಗಾಲ ಹೆಚ್ಚು ಅಂತ ಚೀಟಿ ಬಂತು. ಖುಷಿಯಿಂದ ಆ ಸಲ ಗೊಬ್ಬರವನ್ನೇ ಹಾಕಲಿಲ್ಲ. ಬದನೆ ಗಿಡಗಳು ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗಿ ನಿಂತುಬಿಟ್ಟವು. ಆ ಜಾಗ ಮೆತ್ತಗೆ ಇದ್ದದ್ದು ಯಾಕೆ ಅಂತ ಆಮೇಲೆ ಅಮ್ಮ ಹೇಳಿದರು: ಹಿಂದೆ ಅಲ್ಲಿ ತಿಪ್ಪೆ ಇತ್ತು. ಲ್ಯಾಬಿನವರು ಹೇಳಿದ್ದು ನಿಜವೇ. ಆದರೆ ಅದು ತಿಪ್ಪೆಯ ಮಣ್ಣಿನ ನಿಜ.

ಈಗಲೇ ಯಾಕೆ?

ಯುಗಾದಿ ಮುಗಿದು ಅಶ್ವಿನಿ, ಭರಣಿ ಮಳೆ ಶುರುವಾಗುವ ಹೊತ್ತು ಮಣ್ಣು ತೆಗೆಯಲು ಒಳ್ಳೆಯ ಕಾಲ. ಹಿಂದಿನ ಬೆಳೆ ಹೋಗಿರುತ್ತದೆ, ನೆಲ ಖಾಲಿ ಇರುತ್ತದೆ, ಹಾಕಿದ್ದ ಗೊಬ್ಬರದ ಬಿಸಿ ಇಳಿದಿರುತ್ತದೆ. ಮೇ ಕೊನೆಗೆ ರೋಹಿಣಿ, ಜೂನ್ ಎರಡನೇ ವಾರಕ್ಕೆ ಮೃಗಶಿರ. ಬಿತ್ತನೆ ಶುರುವಾದ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ. ಲ್ಯಾಬಿನಲ್ಲೂ ಚೀಲಗಳ ರಾಶಿ ಬಿದ್ದಿರುತ್ತದೆ.

ಇನ್ನೂ ಒಂದು ಕಾರಣ ಇದೆ. ಫಲಿತಾಂಶ ಬಂದ ಮೇಲೆ ಮಾಡಬೇಕಾದ ಕೆಲವು ಕೆಲಸಗಳಿಗೆ ಸಮಯ ಬೇಕು. ಹುಳಿ ಮಣ್ಣಿಗೆ ಸುಣ್ಣ ಹಾಕಬೇಕು ಅಂತ ಬಂದರೆ, ಬಿತ್ತನೆಗೆ ಮೂರು-ನಾಲ್ಕು ವಾರ ಮೊದಲೇ ಹಾಕಿ ಮಣ್ಣಿಗೆ ಬೆರೆಸಬೇಕು. ಬಿತ್ತುವ ದಿನ ಹಾಕಿದ ಸುಣ್ಣ ಆ ಬೆಳೆಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಮನೆಯಲ್ಲಿ ಆಗಲೇ ಒಂದು ಮಣ್ಣು ಆರೋಗ್ಯ ಚೀಟಿ ಇದೆಯಲ್ಲ, ಮತ್ತೆ ಯಾಕೆ ಅಂತ ಕೆಲವರು ಕೇಳುತ್ತಾರೆ. ಕೇಂದ್ರ ಸರ್ಕಾರ ಈ ಯೋಜನೆ ಶುರುಮಾಡಿದ್ದು 2015ರ ಫೆಬ್ರವರಿಯಲ್ಲಿ. ಎಲ್ಲರ ಹೊಲದಿಂದಲೂ ಮಣ್ಣು ತೆಗೆಯುವುದು ಆಗದ ಮಾತಾದ್ದರಿಂದ ನೆಲವನ್ನು ಚೌಕಗಳಾಗಿ ಮಾಡಿಕೊಂಡರು. ನೀರಾವರಿ ಇದ್ದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಮಳೆಯಾಶ್ರಿತ ಜಾಗದಲ್ಲಿ 10 ಹೆಕ್ಟೇರಿಗೆ ಒಂದು. 10 ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ 25 ಎಕರೆ. ಆ ಚೌಕದೊಳಗಿನ ರೈತರಿಗೆಲ್ಲ ಅದೇ ಫಲಿತಾಂಶ. ಹಾಗಾಗಿ ನಿಮ್ಮ ಹೆಸರಿನ ಚೀಟಿಯಲ್ಲಿ ಇರುವುದು ಪಕ್ಕದ ಹೊಲದ ಮಣ್ಣಿನ ಲೆಕ್ಕ ಇರಬಹುದು. ಊರಿನ ಮಣ್ಣು ಹೇಗಿದೆ ಅಂತ ತಿಳಿಯಲು ಅದು ಸಾಕು. ನಿಮ್ಮ ಹಿತ್ತಲಿಗೆ ಎಷ್ಟು ಗೊಬ್ಬರ ಅಂತ ತೀರ್ಮಾನಿಸಲು ಸಾಲದು.

ಇರುವುದು ಬೇರೆ, ಸಿಗುವುದು ಬೇರೆ

ಪರೀಕ್ಷೆ ಏನನ್ನು ಅಳೆಯುತ್ತದೆ ಅನ್ನುವುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಮಣ್ಣಿನಲ್ಲಿ ಒಟ್ಟು ಎಷ್ಟು ಕಬ್ಬಿಣ ಇದೆ, ಎಷ್ಟು ರಂಜಕ ಇದೆ ಅಂತ ಅದು ಹೇಳುವುದಿಲ್ಲ. ಗಿಡದ ಬೇರಿಗೆ ಸಿಗುವ ರೂಪದಲ್ಲಿ ಎಷ್ಟಿದೆ ಅಂತ ಹೇಳುತ್ತದೆ. ಚೀಟಿಯಲ್ಲಿ 'ಲಭ್ಯ ರಂಜಕ', 'ಲಭ್ಯ ಪೊಟ್ಯಾಷ್' ಅಂತ ಬರೆದಿರುವುದು ಇದಕ್ಕೇ.

ನ್ಯಾಯಬೆಲೆ ಅಂಗಡಿಯಲ್ಲಿ ಮೂಟೆಗಟ್ಟಲೆ ಅಕ್ಕಿ ಇದೆ, ಆದರೆ ಬಾಗಿಲು ಮುಚ್ಚಿದೆ ಅಂದುಕೊಳ್ಳಿ. ಅಕ್ಕಿ ಇದ್ದೂ ಮನೆಯಲ್ಲಿ ಅನ್ನ ಇಲ್ಲ. ನಮ್ಮ ಕೆಂಪು ಮಣ್ಣಿಗೆ ಬಣ್ಣ ಬಂದಿರುವುದೇ ಕಬ್ಬಿಣದಿಂದ. ಉತ್ತರ ಕರ್ನಾಟಕದ ಎರೆ ಮಣ್ಣಿನಲ್ಲೂ ಕಬ್ಬಿಣ ಬೇಕಾದಷ್ಟಿದೆ. ಆದರೂ ಸುಣ್ಣದ ಅಂಶ ಜಾಸ್ತಿ ಇರುವ ಎರೆ ನೆಲದಲ್ಲಿ ಶೇಂಗಾ, ಕಬ್ಬಿನ ಹೊಸ ಎಲೆಗಳು ಕಬ್ಬಿಣ ಸಿಗದೆ ಬಿಳಿಚಿಕೊಳ್ಳುತ್ತವೆ. ಅಂಗಡಿಯಲ್ಲಿ ಮಾಲಿದೆ, ಬಾಗಿಲು ಮುಚ್ಚಿದೆ. ಆ ಬಾಗಿಲನ್ನು ತೆರೆಯುವುದೂ ಮುಚ್ಚುವುದೂ ಬಹುಮಟ್ಟಿಗೆ ರಸಸಾರ, ಅಂದರೆ ಮಣ್ಣಿನ ಹುಳಿ-ಕ್ಷಾರದ ಮಟ್ಟ (ಪಿಎಚ್). ಅದಕ್ಕೆ ಮುಂದೆ ಬರೋಣ.

ಮಣ್ಣು ತೆಗೆಯುವ ದಿನ

ಬೇಕಾಗುವ ಸಾಮಾನು ತುಂಬಾ ಕಡಿಮೆ. ಒಂದು ಗುದ್ದಲಿ ಅಥವಾ ಸಲಿಕೆ, ಒಂದು ಪ್ಲಾಸ್ಟಿಕ್ ಬಕೆಟ್, ಒಂದು ಶುಭ್ರ ಬಟ್ಟೆ, ಒಂದು ಬಟ್ಟೆ ಚೀಲ. ಬಕೆಟ್ ಪ್ಲಾಸ್ಟಿಕ್ಕಿನದೇ ಇರಲಿ ಅಂತ ಹೇಳುವುದಕ್ಕೆ ಕಾರಣ ಇದೆ. ಮಣ್ಣಿನಲ್ಲಿ ಸತುವಿನ ಕೊರತೆ ಇದೆಯೋ ಇಲ್ಲವೋ ಅಂತ ತೀರ್ಮಾನವಾಗುವ ಗೆರೆ ಕಿಲೋಗೆ 0.6 ಮಿಲಿಗ್ರಾಂ. ಅರ್ಧ ಕಿಲೋಗೆ 0.3 ಮಿಲಿಗ್ರಾಂ. ತಗಡಿನ ಬಕೆಟ್ಟಿಗೆ ತುಕ್ಕು ಹಿಡಿಯದಿರಲಿ ಅಂತ ಬಳಿದಿರುವುದು ಸತುವನ್ನೇ. ಮಣ್ಣು ತಿಕ್ಕಿ ಒಂದಿಷ್ಟು ಉದುರಿದರೂ ಲೆಕ್ಕ ತಪ್ಪಿತು. ಹಾಗೆಯೇ ಗೊಬ್ಬರದ ಖಾಲಿ ಚೀಲ ಬೇಡವೇ ಬೇಡ. ಎಷ್ಟು ಕೊಡವಿದರೂ ಹೊಲಿಗೆಯಲ್ಲಿ ಪುಡಿ ಉಳಿದಿರುತ್ತದೆ.

ಮೊದಲು ನೆಲವನ್ನು ಕಣ್ಣಿನಲ್ಲೇ ಭಾಗ ಮಾಡಿ. ಮೇಲಿನ ತಾಕು ಕೆಂಪಗೆ, ಕೆಳಗಿನದು ಕಪ್ಪಗೆ ಇದ್ದರೆ ಎರಡು ಬೇರೆ ಮಾದರಿ. ಒಂದು ಕಡೆ ತರಕಾರಿ, ಇನ್ನೊಂದು ಕಡೆ ತೆಂಗು ಇದ್ದರೆ ಆಗಲೂ ಎರಡು. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದರೆ ಬರುವ ಅಂಕಿ ಯಾವ ತಾಕಿಗೂ ಹೊಂದುವುದಿಲ್ಲ.

ತೆಗೆಯಬಾರದ ಜಾಗಗಳು ಯಾವುವು? ಬದುವಿನ ಪಕ್ಕ, ಮರದ ಬುಡ, ತಿಪ್ಪೆ ಇದ್ದ ಜಾಗ, ದನ ಕಟ್ಟುವ ಜಾಗ, ನೀರು ನಿಲ್ಲುವ ತಗ್ಗು, ಕಾಲುವೆಯ ಅಂಚು. ಹಿತ್ತಲಾದರೆ ಇನ್ನೆರಡು ಸೇರಿಸಿಕೊಳ್ಳಿ. ಹಂಡೆ ಒಲೆಯ ಬೂದಿ ಸುರಿಯುವ ಜಾಗ ಮತ್ತು ಬಚ್ಚಲು ನೀರು ಹರಿಯುವ ದಾರಿ. ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶ ತುಂಬಿರುತ್ತದೆ. ಸೋಪಿನ ನೀರಿನಲ್ಲಿ ಸೋಡಿಯಂ ಇರುತ್ತದೆ. ಇವೆರಡೂ ಫಲಿತಾಂಶವನ್ನು ಎಳೆದುಬಿಡುತ್ತವೆ. ಗೊಬ್ಬರ ಹಾಕಿ ಎರಡು-ಮೂರು ತಿಂಗಳಾದರೂ ಕಳೆದಿರಬೇಕು.

ಇನ್ನು ಹೊಲದಲ್ಲಿ ಅಡ್ಡಾದಿಡ್ಡಿಯಾಗಿ, ಹಾವು ಹರಿದ ಹಾಗೆ ನಡೆಯುತ್ತಾ 10ರಿಂದ 15 ಕಡೆ ನಿಲ್ಲಿ. ಸಣ್ಣ ಹಿತ್ತಲಾದರೆ ಐದಾರು ಕಡೆ ಸಾಕು. ನಿಂತಲ್ಲಿ ಮೊದಲು ಕಸ, ಕೂಳೆ, ಒಣಗಿದ ಎಲೆ ಸರಿಸಿ. ಮಣ್ಣನ್ನು ಕೆರೆಯಬೇಡಿ, ಕಸ ಮಾತ್ರ. ಆಮೇಲೆ ಗುದ್ದಲಿಯಿಂದ ಎರಡೂ ಕಡೆ ಓರೆಯಾಗಿ ಹೊಡೆದು ಇಂಗ್ಲಿಷಿನ 'ವಿ' ಅಕ್ಷರದ ಆಕಾರದ ಗುಂಡಿ ಮಾಡಿ. ಆಳ ಆರು ಇಂಚು, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಗುಂಡಿಯಿಂದ ಬಂದ ಮಣ್ಣನ್ನು ಬದಿಗಿಡಿ, ಅದು ಬೇಡ. ಗುಂಡಿಯ ಒಂದು ಗೋಡೆಯನ್ನು ಮೇಲಿನಿಂದ ಕೆಳತನಕ ಒಂದು ಇಂಚು ದಪ್ಪಕ್ಕೆ ಹೋಳು ತೆಗೆದ ಹಾಗೆ ಕತ್ತರಿಸಿ. ಬಕೆಟ್ಟಿಗೆ ಹೋಗಬೇಕಾದದ್ದು ಆ ಹೋಳು.

ಸುಮ್ನೆ ಒಂದು ಬೊಗಸೆ ಬಾಚಿದರೆ ಆಗುವುದಿಲ್ಲವಾ? ಆಗುವುದಿಲ್ಲ. ಮೇಲಿನ ಎರಡು ಇಂಚು ಮಣ್ಣಿನಲ್ಲಿ ಉದುರಿದ ಎಲೆ, ಚೆಲ್ಲಿದ ಗೊಬ್ಬರ ಎಲ್ಲ ಇರುತ್ತದೆ. ಕೆಳಕ್ಕೆ ಹೋದಂತೆ ಸತ್ವ ಕಡಿಮೆ. ಬಾಚಿದಾಗ ಮೇಲಿನದೇ ಜಾಸ್ತಿ ಬರುತ್ತದೆ, ನೆಲ ಇರುವುದಕ್ಕಿಂತ ಶ್ರೀಮಂತವಾಗಿ ಕಾಣುತ್ತದೆ. ಹೋಳು ತೆಗೆದಾಗ ಬೇರು ಆಡುವ ಅಷ್ಟೂ ಆಳ ಸಮನಾಗಿ ಬರುತ್ತದೆ. ತೆಂಗು, ಅಡಿಕೆ, ಮಾವಿನಂಥ ಮರಗಳ ಬೇರು ಆಳಕ್ಕೆ ಹೋಗುವುದರಿಂದ ಅವಕ್ಕೆ ಒಂದು ಅಡಿ ಆಳದವರೆಗೆ ಒಂದು ಮಾದರಿ, ಅದರ ಕೆಳಗಿನ ಅಡಿಗೆ ಇನ್ನೊಂದು ಮಾದರಿ ಬೇರೆ ಬೇರೆಯಾಗಿ ಕೊಡಬೇಕು. ತೆಂಗಿನ ಪಾತಿಯಲ್ಲಾದರೆ ಬುಡದಿಂದ ಮೂರ್ನಾಲ್ಕು ಅಡಿ ದೂರದಲ್ಲಿ ತೆಗೆಯಿರಿ.

ಬಕೆಟ್ ತುಂಬಿತು. ಈಗ ಕಲಸುವ ಕೆಲಸ. ನೆರಳಿನಲ್ಲಿ ಬಟ್ಟೆ ಹಾಸಿ ಮಣ್ಣು ಸುರಿಯಿರಿ. ಹೆಂಟೆಗಳನ್ನು ಕೈಯಲ್ಲೇ ಒಡೆಯಿರಿ, ಕಲ್ಲು ಬೇರು ಆರಿಸಿ ಹಾಕಿ. ಬಟ್ಟೆಯ ಒಂದು ಮೂಲೆ ಎತ್ತಿ ಎದುರು ಮೂಲೆಗೆ ಹೊರಳಿಸಿ, ಆಮೇಲೆ ಇನ್ನೊಂದು ಮೂಲೆ. ನಾಲ್ಕಾರು ಸಲ ಹೀಗೆ ಮಾಡಿದರೆ ಬೆರಳಿಗಿಂತ ಚೆನ್ನಾಗಿ ಕಲೆಯುತ್ತದೆ. ಮೊದಲು ಪಟ್ಟೆ ಪಟ್ಟೆಯಾಗಿ ಕಾಣುತ್ತಿದ್ದ ಮಣ್ಣು ಒಂದೇ ಬಣ್ಣಕ್ಕೆ ಬರುತ್ತದೆ, ಅಲ್ಲಿಯವರೆಗೆ ಬಿಡಬೇಡಿ. ನಂತರ ರೊಟ್ಟಿಯ ಹಾಗೆ ದುಂಡಗೆ ಹರಡಿ, ಬೆರಳಿನಿಂದ ಗೆರೆ ಎಳೆದು ನಾಲ್ಕು ಭಾಗ ಮಾಡಿ. ಎದುರು ಬದುರಿನ ಎರಡು ಭಾಗ ತೆಗೆದು ಎಸೆಯಿರಿ. ಉಳಿದದ್ದನ್ನು ಮತ್ತೆ ಕಲಸಿ, ಮತ್ತೆ ಹರಡಿ, ಮತ್ತೆ ಎರಡು ಭಾಗ ಎಸೆಯಿರಿ. ಅರ್ಧ ಕಿಲೋ ಉಳಿಯುವ ತನಕ ಇದೇ ಕೆಲಸ.

ಹಸಿ ಮಣ್ಣನ್ನು ಕಟ್ಟಿ ಕೊಡಬೇಡಿ. ಒದ್ದೆ ಚೀಲದೊಳಗೆ ಸೂಕ್ಷ್ಮಜೀವಿಗಳು ಕೆಲಸ ಮುಂದುವರಿಸುತ್ತವೆ, ಸಾರಜನಕದ ಲೆಕ್ಕ ಬದಲಾಗುತ್ತದೆ. ಹಾಗಂತ ಬಿಸಿಲಿಗೆ ಒಡ್ಡುವುದೂ ಬೇಡ, ಒಲೆಯ ಹತ್ತಿರವೂ ಬೇಡ. ಗಾಳಿ ಆಡುವ ನೆರಳಿನಲ್ಲಿ ಎರಡು-ಮೂರು ದಿನ ಇಟ್ಟರೆ ಮಣ್ಣು ತಾನಾಗಿ ಆರುತ್ತದೆ.

ಲ್ಯಾಬಿನಲ್ಲಿ ಏನಾಗುತ್ತದೆ?

ಮಣ್ಣನ್ನು ಕುಟ್ಟಿ ಜರಡಿ ಹಿಡಿಯುತ್ತಾರೆ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ, ಮೀಟರ್ ಅದ್ದಿ ರಸಸಾರ ಮತ್ತು ಉಪ್ಪಿನ ಅಂಶ ನೋಡುತ್ತಾರೆ. ಬೇರೆ ಬೇರೆ ಪೋಷಕಾಂಶಕ್ಕೆ ಬೇರೆ ಬೇರೆ ದ್ರಾವಣ ಇದೆ. ಬೇರು ಹೀರಬಲ್ಲಷ್ಟನ್ನೇ ಅವು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಟೀ ಪುಡಿಯಿಂದ ಬಿಸಿನೀರು ಒಂದಿಷ್ಟು ಸಾರವನ್ನು ಎಳೆದುಕೊಂಡು ಚರಟವನ್ನು ಬಿಡುವುದಿಲ್ಲವಾ, ಹಾಗೆ. ಹುಳಿ ಮಣ್ಣಿನ ರಂಜಕಕ್ಕೆ ಒಂದು ದ್ರಾವಣ, ಉಳಿದ ಮಣ್ಣಿಗೆ ಇನ್ನೊಂದು. ಆದ್ದರಿಂದ ಎರಡು ಲ್ಯಾಬುಗಳ ಅಂಕಿ ಕೂದಲಿನಷ್ಟೂ ಬಿಡದೆ ಹೊಂದಬೇಕು ಅಂತ ನಿರೀಕ್ಷೆ ಮಾಡಬೇಡಿ.

ಚೀಟಿಯ ಹನ್ನೆರಡು ಸಾಲು

ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ಮಣ್ಣಿನ ಗುಣ ಹೇಳುವ ಮೂರು: ರಸಸಾರ, ಲವಣಾಂಶ, ಸಾವಯವ ಇಂಗಾಲ. ಗಿಡಕ್ಕೆ ಜಾಸ್ತಿ ಬೇಕಾದ ನಾಲ್ಕು: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ. ಚೂರೇ ಚೂರು ಬೇಕಾದ ಐದು: ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಹೆಚ್ಚಿನವರು ನೇರ ಸಾರಜನಕದ ಸಾಲಿಗೆ ಹೋಗುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಮೇಲಿನ ಮೂರು.

ರಸಸಾರ ಅಂದರೆ ಹುಳಿಯೋ ಸುಣ್ಣವೋ ಅನ್ನುವ ಲೆಕ್ಕ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆರತಿಯ ನೀರು ಕೆಂಪಾಗುತ್ತದೆ. ಅದಕ್ಕೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಸುಣ್ಣದ ಕಡೆ ಇದೆಯೋ ಹುಳಿಯ ಕಡೆ ಇದೆಯೋ ಅಂತ ಅರಿಶಿನ ಬಣ್ಣದಲ್ಲಿ ಹೇಳುತ್ತದೆ, ಮೀಟರ್ ಅಂಕಿಯಲ್ಲಿ ಹೇಳುತ್ತದೆ. 7 ಅಂದರೆ ಎರಡೂ ಅಲ್ಲ. ಅದಕ್ಕಿಂತ ಕಡಿಮೆ ಹುಳಿ, ಜಾಸ್ತಿ ಕ್ಷಾರ. ಇಲ್ಲಿ ಒಂದು ಎಚ್ಚರ ಬೇಕು. 6ರಿಂದ 5ಕ್ಕೆ ಇಳಿದರೆ ಒಂದೇ ಹೆಜ್ಜೆ ಅಂತ ಕಾಣುತ್ತದೆ, ಆದರೆ ಹುಳಿ ಹತ್ತು ಪಟ್ಟು ಜಾಸ್ತಿಯಾಗಿರುತ್ತದೆ. 4ಕ್ಕೆ ಇಳಿದರೆ ನೂರು ಪಟ್ಟು.

ಹೆಚ್ಚಿನ ಬೆಳೆಗಳಿಗೆ 6.5ರಿಂದ 7.5ರ ನಡುವೆ ಹಿತ. ಅಷ್ಟರಲ್ಲಿ ಇದ್ದಾಗ ಅಂಗಡಿಯ ಬಾಗಿಲು ಹೆಚ್ಚುಕಡಿಮೆ ಪೂರ್ತಿ ತೆರೆದಿರುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆ ಜಾಸ್ತಿ. ಸಾವಿರಾರು ವರ್ಷಗಳ ಮಳೆ ಮಣ್ಣಿನ ಸುಣ್ಣವನ್ನು ತೊಳೆದುಕೊಂಡು ಹೋಗಿದೆ. ಅಲ್ಲಿನ ಜಂಬಿಟ್ಟಿಗೆ ಮಣ್ಣು ಹುಳಿ. ಹಾಕಿದ ರಂಜಕವನ್ನು ಅಲ್ಲಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಬಯಲುಸೀಮೆಯ ಎರೆ ಮಣ್ಣಿನಲ್ಲಿ ರಸಸಾರ 8ರ ಮೇಲೆ ಇರುವುದು ಸಾಮಾನ್ಯ. ಅಲ್ಲಿ ರಂಜಕವನ್ನು ಸುಣ್ಣದಂಶ ಹಿಡಿಯುತ್ತದೆ. ಸತು, ಕಬ್ಬಿಣಕ್ಕೂ ಬಾಗಿಲು ಬೀಳುತ್ತದೆ.

ಹುಳಿ ಮಣ್ಣಿಗೆ ಕೃಷಿ ಸುಣ್ಣ, ಡಾಲಮೈಟ್, ಕರಾವಳಿಯಾದರೆ ಚಿಪ್ಪಿನ ಸುಣ್ಣ ಹಾಕುತ್ತಾರೆ. ಎಷ್ಟು ಅನ್ನುವುದನ್ನು ಚೀಟಿ ನೋಡಿಯೇ ಹಾಕಿ. ಅಂದಾಜಿನಲ್ಲಿ ಬೇಡ. ಸುಣ್ಣವನ್ನೂ ಯೂರಿಯಾವನ್ನೂ ಹಸಿ ಸಗಣಿ ಗೊಬ್ಬರವನ್ನೂ ಒಂದೇ ದಿನ ಹಾಕಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಲವಣಾಂಶ ಅಂದರೆ ಮಣ್ಣಿನ ನೀರಿನಲ್ಲಿ ಕರಗಿರುವ ಉಪ್ಪು. ಅಂಕಿ 1ರ ಒಳಗಿದ್ದರೆ ಚಿಂತೆ ಇಲ್ಲ. ದಾಟಿದರೆ ಮೊಳಕೆಗೆ ತೊಂದರೆ ಶುರು. ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳು ನೀರು ಬಿಟ್ಟು ಸೊರಗುವುದನ್ನು ನೋಡಿದ್ದೀರಲ್ಲ, ಉಪ್ಪು ಮಣ್ಣಿನಲ್ಲಿ ಬೇರಿಗೆ ಆಗುವುದೂ ಅದೇ. ನೆಲ ಒದ್ದೆ ಇದ್ದರೂ ಗಿಡ ಬಾಡುತ್ತದೆ. ತುಂಗಭದ್ರಾ, ಮಲಪ್ರಭಾ, ಕೃಷ್ಣಾ ಕಾಲುವೆಗಳ ಕೆಳಗಿನ ಎಷ್ಟೋ ಹೊಲಗಳು ಹೀಗೆ ಸವಳು-ಜವಳಾಗಿವೆ. ಬರೀ ಉಪ್ಪಾದರೆ ಬಸಿಗಾಲುವೆ ಮಾಡಿ ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಸೋಡಿಯಂ ಸೇರಿ ಮಣ್ಣು ಗಟ್ಟಿಯಾಗಿದ್ದರೆ ಜಿಪ್ಸಂ ಕೂಡ ಬೇಕು.

ಸಾವಯವ ಇಂಗಾಲ ಮಣ್ಣಿನ ಜೀವದ ಲೆಕ್ಕ. ಕೊಳೆತ ಎಲೆ, ಬೇರು, ಸಗಣಿ ಎಲ್ಲ ಸೇರಿ ಉಳಿದದ್ದು. ನೂರಕ್ಕೆ 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದರ ಮೇಲೆ ಒಳ್ಳೆಯದು. ಈ ಅಂಕಿ ಒಂದು ವರ್ಷದಲ್ಲಿ ಏರಲಿಲ್ಲ ಅಂತ ಬೇಜಾರಾಗುವುದು ಬೇಡ. ಲೆಕ್ಕ ಹಾಕಿ ನೋಡಿ. ಎಕರೆಗೆ 9 ಲಕ್ಷ ಕಿಲೋ ಮಣ್ಣು. ಅಂಕಿ ಬರೀ 0.1 ಏರಬೇಕಾದರೂ 900 ಕಿಲೋ ಇಂಗಾಲ ಮಣ್ಣಿನಲ್ಲಿ ಉಳಿಯಬೇಕು. ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಉಳಿದ ಇಂಗಾಲದಲ್ಲೂ ಬಹುಪಾಲನ್ನು ಸೂಕ್ಷ್ಮಜೀವಿಗಳು ತಿಂದು ಗಾಳಿಗೆ ಬಿಡುತ್ತವೆ. ಹೊಲದ ಕೂಳೆ ಸುಡುವುದನ್ನು ನಿಲ್ಲಿಸಿ ವರ್ಷ ವರ್ಷವೂ ಗೊಬ್ಬರ, ಹಸಿರೆಲೆ ಕೊಟ್ಟರೆ ನಿಧಾನಕ್ಕೆ ಏರುತ್ತದೆ.

ಸಾರಜನಕದ ಅಂಕಿ ಹೆಕ್ಟೇರಿಗೆ 280 ಕಿಲೋಗಿಂತ ಕೆಳಗಿದ್ದರೆ ಕಡಿಮೆ, 560ರ ಮೇಲೆ ಹೆಚ್ಚು. ಹನ್ನೆರಡರಲ್ಲಿ ತುಂಬಾ ಅಲುಗಾಡುವ ಅಂಕಿ ಇದೇ. ಒಂದು ಜೋರು ಮಳೆಗೆ ತೊಳೆದು ಹೋಗುತ್ತದೆ, ಎಲೆ, ಬೇರು, ಸಗಣಿ ಕೊಳೆತಾಗ ಮತ್ತೆ ಹುಟ್ಟುತ್ತದೆ. ರಂಜಕ, ಪೊಟ್ಯಾಷ್ ಅಷ್ಟು ಬೇಗ ಬದಲಾಗುವುದಿಲ್ಲ. ಹಳೆಯ ಚೀಟಿಯನ್ನೂ ಹೊಸದನ್ನೂ ಹೋಲಿಸುವಾಗ ಒಂದು ವಿಷಯ ನೋಡಿ. ಕೆಲವು ಕಡೆ ರಂಜಕವನ್ನು 'ಪಿ' (ಬರೀ ರಂಜಕ) ಅಂತಲೂ ಕೆಲವು ಕಡೆ 'ಪಿ2ಓ5' (ಆಮ್ಲಜನಕದ ತೂಕವೂ ಸೇರಿದ್ದು) ಅಂತಲೂ ಬರೆಯುತ್ತಾರೆ. ಅದೇ ಮಣ್ಣಿಗೆ ಎರಡನೆಯದು 2.29 ಪಟ್ಟು ದೊಡ್ಡದಾಗಿ ಕಾಣುತ್ತದೆ. ಮಣ್ಣು ಸುಧಾರಿಸಿತು ಅಂತ ಮೋಸ ಹೋಗಬೇಡಿ.

ಇನ್ನು ಚೂರು ಬೇಕಾದವು. 2009ರಲ್ಲಿ ನಮ್ಮ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ಜೊತೆ ಸೇರಿ 'ಭೂಚೇತನ' ಅನ್ನುವ ಯೋಜನೆ ಶುರುಮಾಡಿತು. ರೈತರ ಹೊಲಗಳ ಮಣ್ಣು ಪರೀಕ್ಷೆ ಮಾಡಿದಾಗ ಎದ್ದು ಕಂಡದ್ದು ಗಂಧಕ, ಸತು, ಬೋರಾನ್ ಕೊರತೆ. ಯೂರಿಯಾ, ಡಿಎಪಿ ಎಷ್ಟು ಸುರಿದರೂ ಇವು ಬರುವುದಿಲ್ಲ. ಸಾರಿಗೆ ಬೇಳೆ, ತರಕಾರಿ ಎಲ್ಲ ಹಾಕಿ ಉಪ್ಪು ಮರೆತ ಹಾಗೆ. ಚಿಟಿಕೆ ಉಪ್ಪು ಬೀಳುವ ತನಕ ಎಷ್ಟು ಬೇಳೆ ಸೇರಿಸಿದರೂ ರುಚಿ ಬರುವುದಿಲ್ಲ. ಸತುವಿನ ಗೆರೆ 0.6, ಬೋರಾನಿನದು 0.5, ಗಂಧಕದ್ದು 10, ಎಲ್ಲ ಕಿಲೋ ಮಣ್ಣಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಬೋರಾನ್ ವಿಷಯದಲ್ಲಿ ಮಾತ್ರ ಕೈ ಬಿಗಿ ಇರಲಿ. ಕೊರತೆಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು. ಸತುವಿನ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಬೇಡಿ, ಎರಡೂ ಒಂದನ್ನೊಂದು ಹಿಡಿದುಕೊಂಡು ಗಿಡಕ್ಕೆ ಸಿಗದ ಹಾಗಾಗುತ್ತವೆ. ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಬೇರೆಯಾಗಿ ಹಾಕಿ.

ಚೀಟಿಯಿಂದ ಗೊಬ್ಬರದ ಚೀಲಕ್ಕೆ

ಒಂದು ಎಕರೆ ಮಳೆಯಾಶ್ರಿತ ರಾಗಿ ಇಟ್ಟುಕೊಳ್ಳೋಣ. ಶಿಫಾರಸು ಎಕರೆಗೆ 20 ಕಿಲೋ ಸಾರಜನಕ, 16 ಕಿಲೋ ರಂಜಕ, 15 ಕಿಲೋ ಪೊಟ್ಯಾಷ್. ಇದು ಮಣ್ಣು ಮಧ್ಯಮ ಇದ್ದಾಗಿನ ಲೆಕ್ಕ. ಡಿಎಪಿಯಲ್ಲಿ ನೂರಕ್ಕೆ 46 ರಂಜಕ, 18 ಸಾರಜನಕ. ಯೂರಿಯಾದಲ್ಲಿ 46 ಸಾರಜನಕ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ 60 ಪೊಟ್ಯಾಷ್. ಹಾಗಾದರೆ 35 ಕಿಲೋ ಡಿಎಪಿ, 30 ಕಿಲೋ ಯೂರಿಯಾ, 25 ಕಿಲೋ ಪೊಟ್ಯಾಷ್ ಗೊಬ್ಬರ ಬೇಕು.

ಚೀಟಿಯಲ್ಲಿ ಸಾರಜನಕ ಕಡಿಮೆ, ರಂಜಕ ಹೆಚ್ಚು, ಪೊಟ್ಯಾಷ್ ಮಧ್ಯಮ ಅಂತ ಬಂತು. ಸಾಮಾನ್ಯವಾಗಿ ಕಡಿಮೆ ಇದ್ದದ್ದಕ್ಕೆ ಕಾಲು ಭಾಗ ಕೂಡಿಸುತ್ತಾರೆ, ಹೆಚ್ಚಿದ್ದದ್ದಕ್ಕೆ ಕಾಲು ಭಾಗ ಕಳೆಯುತ್ತಾರೆ. ಈಗ ಬೇಕಾದದ್ದು 25, 12, 15. ಡಿಎಪಿ 26 ಕಿಲೋಗೆ ಇಳಿಯಿತು. ಅದರಿಂದ 4.7 ಕಿಲೋ ಸಾರಜನಕ ಬರುತ್ತದೆ, ಉಳಿದ 20.3 ಕಿಲೋಗೆ ಯೂರಿಯಾ 44 ಕಿಲೋ, ಹೆಚ್ಚುಕಡಿಮೆ ಒಂದು ಚೀಲ. ಅದರಲ್ಲಿ ಅರ್ಧ ಬಿತ್ತುವಾಗ, ಇನ್ನರ್ಧ ತಿಂಗಳಾದ ಮೇಲೆ ಮೇಲುಗೊಬ್ಬರ. ಪೊಟ್ಯಾಷ್ ಅಷ್ಟೇ.

ಹಿತ್ತಲಿಗೆ ಎಕರೆ ಲೆಕ್ಕ ಹೇಗೆ? ಎಕರೆಯ ಅಂಕಿಯನ್ನು 40ರಿಂದ ಭಾಗಿಸಿದರೆ ಗುಂಟೆಗೆ ಬರುತ್ತದೆ. 44 ಕಿಲೋ ಯೂರಿಯಾ ಗುಂಟೆಗೆ 1 ಕಿಲೋ 100 ಗ್ರಾಂ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಮಡಿಗೆ ಸುಮಾರು 40 ಗ್ರಾಂ. ಒಂದು ಹಿಡಿಗಿಂತ ಕಡಿಮೆ. ತರಕಾರಿಗಳ ಶಿಫಾರಸು ಬೇರೆ, ಆದರೆ ಇಳಿಸುವ ಲೆಕ್ಕ ಇದೇ. ಚೀಟಿಯಲ್ಲಿ ಹೆಕ್ಟೇರ್ ಲೆಕ್ಕ ಇದ್ದರೆ 10ರಿಂದ ಭಾಗಿಸಿ, ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ ಸಿಗುತ್ತದೆ.

ಊರಿನ ಹಿತ್ತಲಲ್ಲದೆ ಪಟ್ಟಣದ ಕೈತೋಟಕ್ಕೂ ಈ ಪರೀಕ್ಷೆ ಮಾಡಿಸಬಹುದು. ಮನೆ ಕಟ್ಟಿದ ಮೇಲೆ ಉಳಿದ ಜಾಗದಲ್ಲಿ ಸಿಮೆಂಟು, ಗಾರೆ ಚೂರು ಸೇರಿ ರಸಸಾರ ಏರಿರುವುದು ಸಾಮಾನ್ಯ. ಅಂಥ ಕಡೆ ಕರಿಬೇವು ಬಿಳಿಚಿಕೊಂಡಿದ್ದರೆ ಇನ್ನಷ್ಟು ಗೊಬ್ಬರ ಹಾಕುವ ಮೊದಲು ಈ ಒಂದು ಅಂಕಿ ನೋಡಿ. ತಾರಸಿಯ ಕುಂಡಗಳಲ್ಲಿ ತೆಂಗಿನ ನಾರಿನ ಪುಡಿಯೇ ಜಾಸ್ತಿ ಇದ್ದರೆ ಹೊಲದ ಮಣ್ಣಿಗೆ ಮಾಡಿದ ಕಡಿಮೆ-ಮಧ್ಯಮ-ಹೆಚ್ಚು ಗೆರೆಗಳು ಅದಕ್ಕೆ ಹೊಂದುವುದಿಲ್ಲ.

ಈ ಪರೀಕ್ಷೆಯಲ್ಲಿ ಗೊತ್ತಾಗದ್ದು

ಬೇರು ಕೊಳೆಸುವ ರೋಗ, ಬೇರುಗಂಟು ಮಾಡುವ ಜಂತುಹುಳು, ಕೀಟನಾಶಕದ ಉಳಿಕೆ, ಸೀಸ, ಕ್ಯಾಡ್ಮಿಯಂ ತರಹದ ಲೋಹಗಳು ಇವು ಯಾವುವೂ ಈ ಹನ್ನೆರಡು ಸಾಲಿನಲ್ಲಿ ಇಲ್ಲ. ಕೊಳಚೆ ನೀರು ಹರಿದ ಜಾಗದಲ್ಲಿ ಸೊಪ್ಪು ಬೆಳೆಯಬೇಕು ಅಂತಿದ್ದರೆ ಲೋಹಗಳ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಮಣ್ಣು ಮರಳೋ ಜಿಗುಟೋ ಅನ್ನುವುದನ್ನು ಮನೆಯಲ್ಲೇ ನೋಡಬಹುದು. ಗಾಜಿನ ಜಾಡಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ಕೂರುತ್ತದೆ, ನುಣ್ಣನೆಯ ಗೋಡು ಕೆಲವು ಗಂಟೆಗಳಲ್ಲಿ. ಜಿಗುಟು ಮಣ್ಣು ಮಾರನೆಯ ದಿನವೂ ನೀರನ್ನು ಕದಡಿಟ್ಟಿರುತ್ತದೆ. ಪಟ್ಟೆಗಳ ದಪ್ಪ ನೋಡಿದರೆ ಯಾವುದು ಎಷ್ಟು ಅಂತ ಗೊತ್ತಾಗುತ್ತದೆ.

ಎಲ್ಲಿ ಕೊಡುವುದು?

ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಕೇಳಿ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇವೆ. ಕಾಫಿ ಬೆಳೆಗಾರರಿಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ. ಶುಲ್ಕ ಎಷ್ಟು, ಎಷ್ಟು ದಿನ, 12 ಅಂಶವನ್ನೂ ನೋಡುತ್ತಾರೋ ಮುಖ್ಯವಾದ ಕೆಲವನ್ನಷ್ಟೇ ನೋಡುತ್ತಾರೋ ಅಂತ ಹೋಗುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಚೀಲದೊಳಗೆ ಒಂದು ಚೀಟಿ, ಹೊರಗೆ ಒಂದು ಚೀಟಿ ಇರಲಿ. ಒಳಗಿನದನ್ನು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಇಲ್ಲದಿದ್ದರೆ ಮಣ್ಣಿನ ತೇವಕ್ಕೆ ಅಕ್ಷರ ಅಳಿಸಿಹೋಗುತ್ತದೆ. ಪೆನ್ನಿಗಿಂತ ಪೆನ್ಸಿಲ್ ವಾಸಿ. ಹೆಸರು, ಊರು, ಫೋನ್ ನಂಬರ್, ಸರ್ವೆ ನಂಬರ್, ಮಣ್ಣು ತೆಗೆದ ತಾರೀಕು, ಎಷ್ಟು ಆಳ, ನೀರಾವರಿ ಇದೆಯಾ, ಹೋದ ಸಲ ಏನು ಬೆಳೆದಿರಿ, ಏನು ಹಾಕಿದಿರಿ, ಈ ಸಲ ಏನು ಬೆಳೆಯುತ್ತೀರಿ. ಕೊನೆಯದನ್ನು ಬರೆಯಲು ಬಹಳ ಜನ ಮರೆಯುತ್ತಾರೆ. ಬೆಳೆ ಯಾವುದು ಅಂತ ಗೊತ್ತಿಲ್ಲದೆ ಲ್ಯಾಬಿನವರು ಮಣ್ಣಿನ ಅಂಕಿ ಕೊಡಬಹುದು, ಗೊಬ್ಬರದ ಅಂಕಿ ಕೊಡಲು ಆಗುವುದಿಲ್ಲ. ಮನೆಯ ನೋಟ್‌ಬುಕ್ಕಿನಲ್ಲಿ ಹಿತ್ತಲಿನ ಒಂದು ಒರಟು ನಕ್ಷೆ ಬರೆದು, ಎಲ್ಲೆಲ್ಲಿ ಗುಂಡಿ ತೆಗೆದಿರಿ ಅಂತ ಚುಕ್ಕೆ ಇಟ್ಟುಕೊಳ್ಳಿ. ಎರಡು-ಮೂರು ವರ್ಷ ಬಿಟ್ಟು ಅದೇ ತಿಂಗಳಲ್ಲಿ, ಅದೇ ಚುಕ್ಕೆಗಳ ಆಸುಪಾಸಿನಲ್ಲಿ ತೆಗೆದರೆ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.